ಹಳೆಯ ಬಂಡಿಯೂ ಅಗಲವಾದ ಟೈರೂ

ಹಿಂದಿನವರಿಂದ ಬಂದ ವಸ್ತುವನ್ನು ಇದ್ದಂತೆಯೇ ಕಾಪಾಡಬೇಕೆ, ನಮ್ಮ ಅನುಕೂಲಕ್ಕೆ ತಕ್ಕಂತೆ ಮಾರ್ಪಡಿಸಬಹುದೆ ಎಂಬ ಪ್ರಶ್ನೆಯು ದೇವಾಲಯಗಳ ಜೀರ್ಣೋದ್ಧಾರದಲ್ಲಿಯೂ ಪ್ರಾಚೀನ ಕಾವ್ಯಗಳ ಸಂಪಾದನೆಯಲ್ಲಿಯೂ ನಮಗೆ ಪರಿಚಿತವಾದುದು. ಮನೆಯ ಜಗಲಿಯ ಪಕ್ಕದಲ್ಲಿ ನಿಂತಿರುವ ಹಳೆಯ ಮೋಟಾರು ಸೈಕಲ್ಲಿನ ವಿಷಯದಲ್ಲಿಯೂ ಅದೇ ಪ್ರಶ್ನೆಯೇಳುವುದೆಂದರೆ ಕೆಲವರು ನಕ್ಕಾರು. ಆದರೆ ಧರ್ಮಸೂಕ್ಷ್ಮವು ವಸ್ತುವಿನ ಗಾತ್ರವನ್ನು ನೋಡಿ ಬರತಕ್ಕುದಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ಜೆಕ್ ಮಾದರಿಯನ್ನನುಸರಿಸಿ ೧೯೬೦ರ ದಶಕದ ಮೊದಲ ವರ್ಷಗಳಿಂದ ಮೋಟಾರು ಸೈಕಲ್ಲುಗಳನ್ನು ತಯಾರಿಸಿ, ೧೯೯೬ರಲ್ಲಿ ಮುಚ್ಚಿಹೋಯಿತು. ಅದರ ಬಂಡಿಗಳು ತಂದೆಯಿಂದ ಮಗನಿಗೆ ಬಂದು ಇಂದಿಗೂ ಎಷ್ಟೋ ಮನೆಗಳಲ್ಲಿವೆ. ೨೫೦ ಸಿ.ಸಿ.ಯ ಹಳೆಯ ಜಾವಾದ ಹಿಂದಿನ ಚಕ್ರಕ್ಕೆ ವಿಧಿಸಿದ್ದ ಟೈರು ೩.೨೫-೧೬, ಎಂದರೆ ಮೂರೂಕಾಲು ಅಂಗುಲದ ಅಗಲ, ಹದಿನಾರು ಅಂಗುಲದ ರಿಮ್ಮು. ಇದರ ಸ್ಥಾನದಲ್ಲಿ ಮೂರೂವರೆ ಅಂಗುಲದ್ದನ್ನು, ಅಥವಾ ಅದಕ್ಕೂ ದಪ್ಪನಾದುದನ್ನು ತೊಡಿಸಬೇಕೆಂಬುದು ಕೆಲವರ ಅಪೇಕ್ಷೆ. ಬಂಡಿಯು ಪುಷ್ಟವಾಗಿ ಕಾಣುವುದು, ನೆಲದ ಹಿಡಿತ ಹೆಚ್ಚುವುದು ಎಂಬುದು ಅವರ ವಾದ.

ಮೊದಲು ಈ ವಾದದ ಸತ್ತ್ವವನ್ನು ನೋಡೋಣ. ಭಾರವೂ ಗಾಳಿಯ ಒತ್ತಡವೂ ಹಿಂದಿನಷ್ಟೇ ಇದ್ದಲ್ಲಿ, ನೆಲವನ್ನು ಮುಟ್ಟುವ ಭಾಗದ ವಿಸ್ತೀರ್ಣವು ಬಹುಮಟ್ಟಿಗೆ ಹಿಂದಿನಷ್ಟೇ ಇರುವುದು. ಅದರ ಆಕಾರ ಮಾತ್ರ ಅಡ್ಡಕ್ಕೆ ಬೆಳೆದು ಉದ್ದಕ್ಕೆ ಕುಗ್ಗುವುದು. ಕಿರಿದಾದ ರಿಮ್ಮಿಗೆ ತೀರ ದಪ್ಪನಾದ ಟೈರನ್ನು ತೊಡಿಸಿದರೆ ಅದರ ಪಕ್ಕಗಳು ಒಳಕ್ಕೆ ಸೆಳೆಯಲ್ಪಟ್ಟು, ನೆತ್ತಿಯು ಮೊನಚಾಗಿ, ಬಯಸಿದ ಅಗಲವೇ ನೆಲಕ್ಕೆ ದೊರೆಯದೆ ಹೋಗಬಹುದು. ಅಗಲದೊಡನೆ ಎತ್ತರವೂ ಬೆಳೆಯುವುದರಿಂದ, ಅಂಕಿಗಳ ಲೆಕ್ಕದಂತೆ ಚಕ್ರದ ವ್ಯಾಸವು ೨೨.೫ ಅಂಗುಲದಿಂದ ೨೩ಕ್ಕೆ ಏರುವುದು. ಒಂದೊಂದು ಸುತ್ತಿಗೂ ಬಂಡಿಯು ನೂರಕ್ಕೆ ಎರಡರಷ್ಟು ಹೆಚ್ಚಾಗಿ ಸಾಗುವುದು. ಏರಿನಲ್ಲಿ ಎಂಜಿನ್ನಿಗೆ ಅಷ್ಟು ಶ್ರಮ ಹೆಚ್ಚು. ಕಾಲಂಗುಲದಲ್ಲಿ ಅರ್ಧಭಾಗವು ಒಂದೊಂದು ಪಕ್ಕಕ್ಕೆ ಹೋದರೆ ಮೂರು ಮಿಲಿಮೀಟರಿಗಿಂತ ಸ್ವಲ್ಪವೇ ಹೆಚ್ಚು. ಆದರೆ ಜಾವಾದಲ್ಲಿ ಸರಪಳಿಯನ್ನು ಪೂರ್ಣವಾಗಿ ಮುಚ್ಚಿರುವ ತಗಡಿನ ಕವಚವು ಚಕ್ರದ ಪಕ್ಕದಲ್ಲಿಯೇ ಇರುವುದರಿಂದ, ಈ ಮೂರು ಮಿಲಿಮೀಟರು ಅಲ್ಪವೆಂದು ಉಪೇಕ್ಷಿಸತಕ್ಕುದಲ್ಲ. ಅಗಲವಾದ ಟೈರಿಗೆ ಗುಣವೇ ಇಲ್ಲವೆಂದಲ್ಲ. ಒಳಗಿನ ಗಾಳಿ ಹೆಚ್ಚಾದಷ್ಟೂ ಹಿಂದೆ ಕುಳಿತವರ ಭಾರವನ್ನು ಸುಖವಾಗಿ ಹೊರುವುದು.

ಇನ್ನು ತತ್ತ್ವದ ಮಾತು. ಟೈರು ಬದಲಾದರೆ ಅದು ಹಳೆಯ ಬಂಡಿಯಾಗಿ ಉಳಿಯುವುದೆ? ಮಿಲಿಂದ ರಾಜನನ್ನು ನಾಗಸೇನನು ಕೇಳಿದ ಪ್ರಶ್ನೆ ಇದೇ ಜಾತಿಯದು. ಅಚ್ಚು ರಥವೆ, ಚಕ್ರ ರಥವೆ, ಮೂಕಿ ರಥವೆ ಎಂದು ವಿಚಾರಿಸುತ್ತ ಹೋದರೆ, ಅಂಗಗಳ ಸಂಯೋಗಕ್ಕೆ ನಾವಿಟ್ಟ ಹೆಸರಲ್ಲದೆ ಬೇರೆ ರಥವು ಸಿಕ್ಕದು. ಟೈರಾದರೋ ಸವೆಯುವುದಕ್ಕೆಂದೇ ಹುಟ್ಟಿದ ಅಂಗ. ಅರವತ್ತು ವರ್ಷ ನಡೆದ ಬಂಡಿಯು ಮೊದಲ ಟೈರಿನ ಮೇಲೆಯೇ ಇರುವುದು ಅಸಂಭವ. ಆದ್ದರಿಂದ ಬಂಡಿ ಬೇರೆಯಾಯಿತೆಂಬ ಆಕ್ಷೇಪವು ನಿಲ್ಲಲಾರದು.

ಕಾನೂನೂ ಇಲ್ಲಿ ಒಂದು ಗೆರೆಯನ್ನೆಳೆದಿದೆ. ತಯಾರಕನು ನಿರ್ದಿಷ್ಟಪಡಿಸಿದ್ದಕ್ಕೂ ನೋಂದಣಿ ಪತ್ರದ ವಿವರಗಳಿಗೂ ವಿರೋಧ ಬರುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ೧೯೮೮ರ ಮೋಟಾರು ವಾಹನಗಳ ಕಾಯಿದೆಯು ಹೇಳುತ್ತದೆ. ಐವತ್ತು ವರ್ಷ ಮೀರಿದ ವಾಹನಗಳನ್ನು ಕುರಿತ ೨೦೨೧ರ ನಿಯಮಗಳು ಮೂಲರೂಪವನ್ನು ಕಾಪಾಡಬೇಕೆಂದು ವಿಧಿಸಿ, ಷಾಸಿ, ಹೊರಮೈ, ಎಂಜಿನ್ನುಗಳ ಮಾರ್ಪಾಡನ್ನು ಎಣಿಸಿ ಹೇಳುತ್ತವೆ. ಆದರೆ ಗೆರೆಯ ಈಚೆಗೆ ನಿಂತವನೆಲ್ಲ ಕರ್ತವ್ಯವನ್ನು ಸಲ್ಲಿಸಿದನೆಂದು ಹೇಳುವಂತಿಲ್ಲ.

ನನ್ನ ಅಭಿಪ್ರಾಯದಲ್ಲಿ ಹಳೆಯ ಬಂಡಿಯ ಒಡೆಯನಿಗೆ ಮೂರು ಋಣಗಳುಂಟು. ಮೊದಲನೆಯದು ಮಾಡಿದವನ ಋಣ. ಅವನು ಈ ಅಳತೆಯನ್ನು ಏಕೆ ಆರಿಸಿದನೆಂದು ತಿಳಿಯದೆ ಬದಲಾಯಿಸುವುದು ಅವಿನಯ. ಎರಡನೆಯದು ಹಿಂದೆ ಕುಳಿತುಕೊಳ್ಳುವ ಹೆಂಡತಿ ಮಕ್ಕಳ ಋಣ. ಕವಚಕ್ಕೆ ಉಜ್ಜುವ ಟೈರು ಅವರ ಪ್ರಾಣಕ್ಕೆ ಎರವಾದೀತು. ಬೀದಿಯವರ ಕಣ್ಣಿಗೆ ಚೆನ್ನಾಗಿ ಕಾಣಬೇಕೆಂಬ ಆಸೆಗೆ ಅವರನ್ನು ಒಡ್ಡಲು ನಮಗೆ ಅಧಿಕಾರವಿಲ್ಲ. ಮೂರನೆಯದು ಮುಂದೆ ಬಂಡಿಯನ್ನು ಪಡೆಯುವವನ ಋಣ. ಪ್ರಾಮಾಣಿಕನಾದ ಗ್ರಂಥಸಂಪಾದಕನು ಪಾಠವನ್ನು ತಿದ್ದಬೇಕಾದಾಗ ಓಲೆಗರಿಯಲ್ಲಿದ್ದುದನ್ನು ಅಡಿಟಿಪ್ಪಣಿಯಲ್ಲಿ ಕಾಣಿಸುತ್ತಾನೆ. ಹಾಗೆಯೇ, ತೆಗೆದರೆ ಹಿಂದಿನ ಸ್ಥಿತಿಗೆ ಮರಳುವ ಮಾರ್ಪಾಡು ಕ್ಷಮ್ಯವಾದುದು; ಟೈರು ಹಿಡಿಸಲೆಂದು ಕವಚವನ್ನು ಕತ್ತರಿಸುವುದೂ ಮಡ್‌ಗಾರ್ಡನ್ನು ಬಡಿದು ಬಗ್ಗಿಸುವುದೂ ಓಲೆಯನ್ನು ಕೆರೆದು ಬರೆದಂತೆ. ಮಾರುವಾಗ ಬದಲಾವಣೆಯನ್ನು ಮರೆಮಾಡುವುದಂತೂ ಕೇವಲ ಅಸತ್ಯ.

ಏನನ್ನೂ ಮುಟ್ಟಕೂಡದೆಂಬ ಕಠಿಣವ್ರತಿಗಳಿಗೂ ಒಂದು ಮಾತು. ವಿಧಿಸಿದ ಅಳತೆಯ ಟೈರು ದೊರೆಯದೆ ಬಂಡಿಯು ನಿಂತಲ್ಲೇ ತುಕ್ಕು ಹಿಡಿದರೆ, ನಡೆಯುವುದಕ್ಕೆಂದು ಹುಟ್ಟಿದ ವಸ್ತುವನ್ನು ಉಳಿಸಿದಂತಾಗಲಿಲ್ಲ. ಅಂಥ ಸಂದರ್ಭದಲ್ಲಿ ರಿಮ್ಮಿಗೆ ಒಪ್ಪುವ, ಯಾವುದಕ್ಕೂ ತಗಲದ, ಒಂದು ಅಳತೆ ಹೆಚ್ಚಿನ ಟೈರನ್ನು ತೊಡಿಸಿ ಓಡಿಸುವುದೇ ಮೇಲು. ಬಂಡಿಯ ಕಾಗದಗಳೊಡನೆ ಒಂದು ಚೀಟಿಯಲ್ಲಿ ಹಿಂದಿನ ಅಳತೆಯನ್ನೂ ಬದಲಾಯಿಸಿದ ಕಾರಣವನ್ನೂ ಬರೆದಿಟ್ಟರೆ ಮುಂದಿನವನು ತನಗೆ ತೋರಿದಂತೆ ನಿರ್ಣಯಿಸಿಯಾನು.