ಗ್ರಾಮಸೇವೆಯು ದಾನವೋ, ಋಣವೋ?

ದಕ್ಷಿಣ ಕನ್ನಡ ಹಾಗೂ ಉಡುಪಿ ಜಿಲ್ಲೆಗಳ ಹಳ್ಳಿಗಳಲ್ಲಿ ಯುವಕ ಮಂಡಲವೆಂಬುದು ಸುಪರಿಚಿತವಾದ ಸಂಸ್ಥೆಯು. ೧೯೬೦ನೆಯ ಇಸವಿಯ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯ ಮೇರೆಗೆ ಏಳು ಮಂದಿ ಒಡಗೂಡಿದರೆ ಇಂತಹ ಸಂಘವೊಂದನ್ನು ನೋಂದಾಯಿಸಬಹುದು. ೧೯೭೨ರಲ್ಲಿ ಭಾರತ ಸರಕಾರವು ಪ್ರಾರಂಭಿಸಿದ ನೆಹರೂ ಯುವಕೇಂದ್ರಗಳ ಪ್ರೋತ್ಸಾಹವೂ ಇವುಗಳಿಗೆ ದೊರೆಯಿತು. ಕಬಡ್ಡಿ ವಾಲಿಬಾಲ್ ಪಂದ್ಯಗಳು, ಅಷ್ಟಮಿಯ ಮೊಸರುಕುಡಿಕೆ, ಚೌತಿಯ ಉತ್ಸವ, ಯಕ್ಷಗಾನ, ರಕ್ತದಾನ ಶಿಬಿರ, ಶಾಲೆಯ ಅಂಗಳದಲ್ಲಿ ಶ್ರಮದಾನ—ಇವುಗಳಿಂದ ಊರಿಗೆ ಉಪಕಾರವಾಗಿರುವುದೆಂಬುದು ನಿರ್ವಿವಾದವು. ಆದರೆ ಆ ಉಪಕಾರವನ್ನು ಮಾಡುವವನು ಅದನ್ನು ಏನೆಂದು ಭಾವಿಸತಕ್ಕದ್ದು? ತಾನು ಊರಿಗೆ ಕೊಟ್ಟ ದಾನವೆಂದೋ, ಊರಿಗೆ ತಾನು ಸಲ್ಲಿಸಬೇಕಾದ ಋಣವೆಂದೋ? ಮೇಲ್ನೋಟಕ್ಕೆ ಇದು ಶಬ್ದಭೇದದಂತೆ ತೋರಿದರೂ ಪರಿಣಾಮದಲ್ಲಿ ಬಹಳ ಅಂತರವುಂಟು.

ಎರಡು ದೃಷ್ಟಾಂತಗಳನ್ನು ಪರಿಶೀಲಿಸಬಹುದು. ಮಂಡಲದವರು ಮಾರ್ಗದ ಬದಿಯಲ್ಲಿ ಬಸ್ಸಿನ ತಂಗುದಾಣವನ್ನು ಕಟ್ಟಿಸುವುದುಂಟು. ಅದರ ಹಣೆಯ ಮೇಲೆ ಸಂಘದ ಹೆಸರೂ ದಾನಿಗಳ ಹೆಸರೂ ಬರೆಯಲ್ಪಡುವುವು. ಉದ್ಘಾಟನೆಯು ನಡೆದು ಹಾರ ಶಾಲುಗಳು ಅರ್ಪಿತವಾಗುವುವು. ಮಳೆಗಾಲವು ಕಳೆದು ತೋಡಿನ ನೀರು ಇಳಿಯತೊಡಗುವಾಗ, ಕಾರ್ತಿಕ ಮಾರ್ಗಶಿರಗಳ ಸುಮಾರಿಗೆ, ಅದೇ ಯುವಕರು ತೋಡಿಗೆ ಅಡ್ಡಲಾಗಿ ಕಲ್ಲುಮಣ್ಣುಗಳಿಂದಲೋ ಮರಳು ತುಂಬಿದ ಚೀಲಗಳಿಂದಲೋ ಕಟ್ಟವನ್ನು ಹಾಕುವುದೂ ಉಂಟು. ತಡೆದು ನಿಂತ ನೀರು ನೆಲಕ್ಕೆ ಇಂಗಿ ಸುತ್ತಣ ಬಾವಿಗಳನ್ನು ಸೇರುವುದು. ಬೇಸಗೆಯಲ್ಲಿ ಅಡಕೆಯ ತೋಟಕ್ಕೂ ಅಡುಗೆಮನೆಯ ಕೊಡಕ್ಕೂ ಆಧಾರವಾಗುವುದು. ಮುಂದಿನ ಮಳೆಗೆ ಕಟ್ಟವನ್ನು ಬಿಚ್ಚುವರು, ಇಲ್ಲವೆ ಪ್ರವಾಹವೇ ಕೊಂಡೊಯ್ಯುವುದು. ಹೆಸರನ್ನು ಬರೆಯಿಸುವುದಕ್ಕೆ ಅಲ್ಲಿ ಗೋಡೆಯಿಲ್ಲ. ತಂಗುದಾಣವೂ ಬೇಕಾದುದೇ, ಆದರೆ ಸಂಘದ ಅಂತರಂಗವನ್ನು ಅರಿಯಬೇಕಾದರೆ ಕಟ್ಟದ ಕೆಲಸಕ್ಕೆ ಎಷ್ಟು ಮಂದಿ ಬರುವರೆಂಬುದನ್ನು ನೋಡಬೇಕು.

ಇಲ್ಲಿ ಒಂದು ಆಕ್ಷೇಪವು ಹುಟ್ಟುವುದು. ನೆಲದೊಳಗಣ ನೀರು ಪಂಕ್ತಿಭೇದವನ್ನರಿಯದು. ಬುಟ್ಟಿ ಹೊತ್ತವನ ಬಾವಿಯಲ್ಲಿ ಏರಿದಂತೆಯೇ, ಆ ದಿನ ಜಗಲಿಯಲ್ಲಿ ಕುಳಿತು ವೀಳ್ಯ ಹಾಕುತ್ತಿದ್ದವನ ಬಾವಿಯಲ್ಲಿಯೂ ನೀರು ಏರುವುದು. ದುಡಿಯದವನಿಗೂ ಸಮಫಲವಾದರೆ ದುಡಿಯತಕ್ಕುದೇಕೆ? ಸೇವೆಯನ್ನು ದಾನವೆಂದು ಬಗೆದವನಿಗೆ ಇದು ದುಸ್ತರವಾದ ಪ್ರಶ್ನೆಯು. ದಾನಿಯು ಪಾತ್ರಾಪಾತ್ರಗಳನ್ನು ವಿಚಾರಿಸುವನು, ಅಪಾತ್ರನಿಗೆ ಸಂದಿತೆಂದು ಪರಿತಪಿಸುವನು. ಋಣಿಯ ಸ್ಥಿತಿಯು ಬೇರೆ. ನೆರೆಯವನು ತನ್ನ ಸಾಲವನ್ನು ತೀರಿಸಲಿಲ್ಲವೆಂಬ ಕಾರಣದಿಂದ ಇವನ ಸಾಲವು ಹರಿದುಹೋಗದು. ದೇವ, ಋಷಿ, ಪಿತೃಗಳೆಂಬ ಮೂರು ಋಣಗಳು ಪ್ರಸಿದ್ಧವಾಗಿವೆ. ಶತಪಥ ಬ್ರಾಹ್ಮಣವಾದರೋ ಮನುಷ್ಯಋಣವೆಂಬ ನಾಲ್ಕನೆಯದನ್ನೂ ಹೇಳಿ, ಮನುಷ್ಯರಿಗೆ ವಸತಿಯನ್ನೂ ಅಶನವನ್ನೂ ಕೊಡುವುದರಿಂದ ಅದು ತೀರುವುದೆನ್ನುತ್ತದೆ. ಯುವಕನು ಓದಿದ ಶಾಲೆ, ನಡೆದ ದಾರಿ, ಕುಡಿದ ನೀರು ಇವೆಲ್ಲವೂ ಹೆಸರರಿಯದ ಹಿರಿಯರ ದುಡಿಮೆಯ ಫಲಗಳು. ಕೊಟ್ಟವರು ಈಗಿಲ್ಲವಾದುದರಿಂದ ಆ ಸಾಲವನ್ನು ಈಗಿರುವವರಿಗೂ ಮುಂದೆ ಬರುವವರಿಗೂ ಸಲ್ಲಿಸಬೇಕಾಗಿದೆ.

ಹಾಗಾದರೆ ಕೀರ್ತಿಯ ಆಶೆಯು ಪಾಪವೇ ಎಂದು ಕೇಳಬಹುದು. ತರುಣರಲ್ಲಿ ಅದು ಸಹಜವು. ಪಂದ್ಯದ ಬಹುಮಾನಕ್ಕಾಗಿ ಬಂದವನೇ ಕ್ರಮೇಣ ಹಾರೆಯನ್ನು ಹಿಡಿಯಲು ಕಲಿಯುವನು. ಭಗವದ್ಗೀತೆಯ ೧೭ನೆಯ ಅಧ್ಯಾಯವು ಪ್ರತ್ಯುಪಕಾರವನ್ನು ಬಯಸಿ ಕೊಟ್ಟ ದಾನವನ್ನು ಸಾತ್ತ್ವಿಕಕ್ಕಿಂತ ಕೆಳಗೆ ಇರಿಸಿದರೂ ತಾಮಸದೊಡನೆ ಸೇರಿಸಲಿಲ್ಲ. ಆಟವೂ ಹಾರವೂ ಇರಲಿ. ಅವುಗಳಲ್ಲಿಯೇ ಸಂಘವು ನಿಂತುಬಿಡದಿದ್ದರೆ ಸಾಕು.

ಇನ್ನೊಂದು ಆಕ್ಷೇಪವು ಇದಕ್ಕಿಂತ ಗುರುತರವಾದುದು. ಋಣವೆಂಬ ಮಾತೇ ಕೆಲವರ ಕಿವಿಗೆ ಕಠೋರವಾಗಿರುವುದು. ಸಾಲದ ಹೆಸರಿನಲ್ಲಿಯೇ ತಲೆತಲಾಂತರವಾಗಿ ಧಣಿಗಳ ಹೊಲಮನೆಗಳಲ್ಲಿ ದುಡಿದ ಮನೆತನಗಳು ಈ ದೇಶದಲ್ಲಿ ಎಷ್ಟೋ ಉಂಟು. ೧೯೭೬ರ ಕಾಯಿದೆಯು ಜೀತಪದ್ಧತಿಯನ್ನು ರದ್ದುಗೊಳಿಸಿತು. ನೆನಪನ್ನು ಯಾವ ಕಾಯಿದೆಯೂ ರದ್ದುಗೊಳಿಸಲಾರದು. ಅಂತಹ ಮನೆಯ ಹುಡುಗನಿಗೆ ಊರಿನ ಋಣವನ್ನು ಉಪದೇಶಿಸಿ ತಲೆಯ ಮೇಲೆ ಬುಟ್ಟಿಯನ್ನಿರಿಸಿ, ಉಳ್ಳವರ ಮಗನಿಗೆ ವೇದಿಕೆಯ ಕುರ್ಚಿಯನ್ನು ಕೊಟ್ಟರೆ, ಅದಕ್ಕೆ ಶ್ರಮದಾನವೆಂಬ ಹೆಸರು ಸಲ್ಲದು. ಅದು ಹಳೆಯ ಬಿಟ್ಟಿಯೇ ಸರಿ.

ಈ ಆಕ್ಷೇಪವು ಯಥಾರ್ಥವಾದುದು; ಆದರೆ ಇದರಿಂದ ಋಣವಾದವು ಬೀಳದೆ ಇನ್ನಷ್ಟು ಸ್ಪಷ್ಟವಾಗುವುದು. ಋಣವು ಎಲ್ಲರಿಗೂ ಒಂದೇ ಪ್ರಮಾಣದ್ದಲ್ಲ. ಹೆಚ್ಚು ಪಡೆದವನು ಹೆಚ್ಚು ಸಲ್ಲಿಸತಕ್ಕದ್ದು. ಯಾರ ಅಜ್ಜಂದಿರ ದುಡಿಮೆಗೆ ಕೂಲಿಯು ಸಲ್ಲದೆ ಹೋಯಿತೋ, ಅವರಿಗೆ ಊರೇ ಋಣಿಯಾಗಿರುವುದು. ಆದುದರಿಂದ ದೊಡ್ಡ ತೋಟದವನು ಮೊದಲು ತೋಡಿಗೆ ಇಳಿಯಬೇಕು. ಕೂಲಿಯನ್ನು ಬಿಟ್ಟು ಬಂದವನಿಗೆ ಕೂಲಿಯಾದರೂ ದೊರೆಯಬೇಕು. ಆ ದಿನ ನಸುಕಿನಲ್ಲೆದ್ದು ಎಲ್ಲರಿಗೂ ಗಂಜಿ ಬೇಯಿಸಿದ ಹೆಂಗಸರೂ ದುಡಿದವರ ಲೆಕ್ಕದಲ್ಲಿ ಸೇರಬೇಕು. ಯುವತಿ ಮಂಡಲವು ಬೇರೆ ಇದೆಯೆಂದು ಹೇಳಿ ಅವರನ್ನು ನಿರ್ಣಯದ ಸಭೆಯಿಂದ ಹೊರಗಿರಿಸುವುದು ನ್ಯಾಯವಲ್ಲ.

ಮಂಡಲಗಳ ವಾರ್ಷಿಕೋತ್ಸವದಲ್ಲಿ ಕಾರ್ಯದರ್ಶಿಯು ವರದಿಯನ್ನೋದುವುದು ವಾಡಿಕೆ. ನಡೆದ ಪಂದ್ಯಗಳು, ಸಂಗ್ರಹವಾದ ಹಣ, ಗಣ್ಯರ ಹೆಸರುಗಳು ಅದರಲ್ಲಿರುತ್ತವೆ. ಯಾವ ಕೇರಿಯಿಂದ ಒಬ್ಬರೂ ಬರಲಿಲ್ಲ, ಏಕೆ ಬರಲಿಲ್ಲ, ಅವರನ್ನು ಕರೆದವರು ಯಾರು ಎಂಬ ವಿವರವೂ ಅದರಲ್ಲಿ ಸೇರಿದರೆ ಆ ಊರಿನ ಋಣದ ಲೆಕ್ಕವು ಪೂರ್ಣವಾಗುವುದು. ಕಟ್ಟವನ್ನು ವರ್ಷವರ್ಷವೂ ಹಾಕಬೇಕಾಗುವಂತೆ ಆ ಲೆಕ್ಕವನ್ನೂ ವರ್ಷವರ್ಷವೂ ಬರೆಯಬೇಕು.