ಯಾರು ಮೊದಲು ಕೈಬಿಡಬೇಕು?

ಕಂಪ್ಯೂಟರ್ ಕೆಡುವುದರಲ್ಲಿ ಎರಡು ಬಗೆ. ಒಂದು, ಅದು ಬೀಳುತ್ತದೆ. ಪರದೆಯ ತುಂಬ ಅಕ್ಷರಗಳು ಸುರಿದು, ಯಾವ ಸಾಲಿನಲ್ಲಿ ಎಡವಟ್ಟಾಯಿತು ಎಂಬುದನ್ನು ಹೆಚ್ಚುಕಡಿಮೆ ತಾನೇ ಹೇಳಿ ಯಂತ್ರ ಪ್ರಾಣಬಿಡುತ್ತದೆ. ಇನ್ನೊಂದು, ಅದು ಸುಮ್ಮನೆ ನಿಂತುಬಿಡುತ್ತದೆ. ಫ್ಯಾನ್ ತಿರುಗುತ್ತಿರುತ್ತದೆ, ದೀಪ ಉರಿಯುತ್ತಿರುತ್ತದೆ, ದೂರದ ಇನ್ನೊಂದು ಕಂಪ್ಯೂಟರಿನಿಂದ ಕೂಗಿದರೆ ‘ಇದ್ದೇನೆ’ ಎಂದು ಓಗೊಡುತ್ತದೆ ಕೂಡ. ಕೆಲಸ ಮಾತ್ರ ಮುಂದೆ ಹೋಗುವುದಿಲ್ಲ. ಒಳಗೆ ಇಣುಕಿದರೆ ಯಾರೂ ಸತ್ತಿಲ್ಲ, ಯಾರೂ ದಣಿದಿಲ್ಲ. ಎಲ್ಲರೂ ಇನ್ನೊಬ್ಬರಿಗಾಗಿ ಕಾಯುತ್ತ ಕೂತಿದ್ದಾರೆ. ಇದನ್ನು ಡೆಡ್‌ಲಾಕ್ ಎನ್ನುತ್ತಾರೆ. ಡೈಕ್‌ಸ್ಟ್ರ ಎಂಬ ಡಚ್ ಗಣಕ ವಿಜ್ಞಾನಿ ಇದನ್ನು ‘ಸಾವಿನ ಅಪ್ಪುಗೆ’ ಎಂಬರ್ಥದ ಹೆಸರಿನಿಂದ ಕರೆದಿದ್ದ.

ಬೀಳುವ ಯಂತ್ರಕ್ಕಿಂತ ನಿಲ್ಲುವ ಯಂತ್ರ ನನ್ನನ್ನು ಹೆಚ್ಚು ಕಾಡಿದೆ. ಬಿದ್ದಾಗ ‘ಯಾರು ತಪ್ಪು ಮಾಡಿದರು?’ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಉತ್ತರ ಸಿಗುತ್ತದೆ. ನಿಂತಾಗ ಆ ಪ್ರಶ್ನೆಯೇ ಸರಿಯೇ ಎಂಬ ಅನುಮಾನ ಹುಟ್ಟುತ್ತದೆ. ಆ ಅನುಮಾನ ನನಗೆ ತಡವಾಗಿ ಹುಟ್ಟಿತು. ಅಷ್ಟರಲ್ಲಿ ಒಂದು ವರದಿಗೆ ಸಹಿ ಹಾಕಿಯಾಗಿತ್ತು.

ಕೆಲವು ವರ್ಷಗಳ ಹಿಂದೆ ನಾನಿದ್ದ ಕಂಪನಿಯಲ್ಲಿ ಲಿನಕ್ಸ್ ಕರ್ನೆಲ್‌ಗೆ ಜೋಡಿಸುವ ಒಂದು ಫೈಲ್ ಸಿಸ್ಟಮ್ ಮಾಡ್ಯೂಲನ್ನು ನಾವೇ ಬರೆದುಕೊಂಡಿದ್ದೆವು. ಕರ್ನೆಲ್ ಎಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಡಿಸ್ಕ್, ಮೆಮೊರಿ, ಪ್ರೊಸೆಸರ್ ಇವನ್ನು ನೂರಾರು ಕೆಲಸಗಳ ನಡುವೆ ಹಂಚುವ ಯಜಮಾನಿಕೆ ಅದರದು. ಒಂದೇ ದಾಖಲೆಯನ್ನು ಇಬ್ಬರು ಒಟ್ಟಿಗೆ ತಿದ್ದಿದರೆ ಅದು ಕುಲಗೆಡುತ್ತದೆ. ಆದ್ದರಿಂದ ಅಲ್ಲಿ ಎಲ್ಲದಕ್ಕೂ ಬೀಗ. ತಿದ್ದುವವರು ಬೀಗ ಹಿಡಿಯಬೇಕು, ಕೆಲಸ ಮುಗಿಸಿ ಬಿಡಬೇಕು, ಅಲ್ಲಿಯವರೆಗೆ ಉಳಿದವರು ಕಾಯಬೇಕು.

ನಮ್ಮ ಸರ್ವರ್ ಮೂರು ನಾಲ್ಕು ವಾರಕ್ಕೊಮ್ಮೆ ನಿಂತುಬಿಡುತ್ತಿತ್ತು. ಮೊದಲೆರಡು ಸಲ ಆಫ್ ಮಾಡಿ ಆನ್ ಮಾಡಿದೆವು. ಇದಕ್ಕೆ ಪಠ್ಯಪುಸ್ತಕಗಳಲ್ಲಿ ಉಷ್ಟ್ರಪಕ್ಷಿಯ ಉಪಾಯ ಎಂಬ ಹೆಸರೇ ಇದೆ: ತಲೆಯನ್ನು ಮರಳಿನಲ್ಲಿ ಹುದುಗಿಸಿ, ತೊಂದರೆ ಇಲ್ಲ ಎಂದುಕೊಳ್ಳುವುದು. ಮೂರನೆಯ ಸಲ ಆಫ್ ಮಾಡದೆ ಕೂತು ನೋಡಿದೆವು. ಒಂದು ಕೆಲಸ 120 ಸೆಕೆಂಡಿಗಿಂತ ಹೆಚ್ಚು ಹೊತ್ತು ಅಲುಗಾಡದೆ ಕಾದಿದೆ ಎಂದು ಕರ್ನೆಲ್ ತನ್ನ ದಿನಚರಿಯಲ್ಲಿ ಬರೆದುಕೊಂಡಿತ್ತು. ಹಾಗೆ ಕಾಯುತ್ತಿರುವವರ ಪಟ್ಟಿ ತೆಗೆದರೆ ನಲವತ್ತಕ್ಕೂ ಹೆಚ್ಚು ಹೆಸರು. ಕೊಲ್ಲುವ ಆಜ್ಞೆ ಕೊಟ್ಟರೂ ಅವು ಕೇಳುವುದಿಲ್ಲ. ನಡುವೆ ಕೊಂದರೆ ಅರ್ಧ ತಿದ್ದಿದ ದಾಖಲೆ ಹಾಗೆಯೇ ಉಳಿದುಬಿಡುತ್ತದೆಂದು ಕರ್ನೆಲ್ ಆ ಸ್ಥಿತಿಯಲ್ಲಿ ಯಾರ ಮಾತನ್ನೂ ಅವುಗಳ ಕಿವಿಗೆ ಹಾಕುವುದಿಲ್ಲ.

ಪ್ರತಿಯೊಂದೂ ಯಾವ ಸಾಲಿನಲ್ಲಿ ನಿಂತಿದೆ ಎಂಬ ವಿವರ ಕೈಯಲ್ಲಿತ್ತು. ಒಂದು ಹಾಳೆ ತೆಗೆದುಕೊಂಡು, ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಎಂದು ಬಾಣ ಎಳೆಯುತ್ತ ಹೋದೆವು. ಬಹುಪಾಲು ಬಾಣಗಳು ಇಬ್ಬರ ಕಡೆಗೆ ಓಡುತ್ತಿದ್ದವು. ಆ ಇಬ್ಬರ ಬಾಣಗಳು ಒಬ್ಬರನ್ನೊಬ್ಬರು ತೋರಿಸುತ್ತಿದ್ದವು. ಒಂದು ಕೆಲಸ ಡಿಸ್ಕಿಗೆ ಬರೆಯುವುದು. ಅದು ವಾಲ್ಯೂಮ್‌ನ ಬೀಗ ಹಿಡಿದು ಕ್ಯಾಶ್‌ನ ಬೀಗಕ್ಕೆ ಕಾಯುತ್ತಿತ್ತು. ಇನ್ನೊಂದು ಕೆಲಸ ಹಳೆಯದನ್ನು ತೆಗೆದು ಜಾಗ ಮಾಡುವುದು. ಅದು ಕ್ಯಾಶ್‌ನ ಬೀಗ ಹಿಡಿದು ವಾಲ್ಯೂಮ್‌ನ ಬೀಗಕ್ಕೆ ಕಾಯುತ್ತಿತ್ತು. ಉಳಿದ ನಲವತ್ತು ಚಿಲ್ಲರೆ ಕೆಲಸಗಳು ಇವರ ಹಿಂದೆ ಸಾಲುಗಟ್ಟಿದ್ದವು.

ಸರಿಪಡಿಸಿದ್ದು ನಾಲ್ಕು ಸಾಲು. ಎರಡನೆಯ ಕೆಲಸವೂ ಮೊದಲು ವಾಲ್ಯೂಮ್, ಆಮೇಲೆ ಕ್ಯಾಶ್ ಹಿಡಿಯುವಂತೆ ತಿರುಗಿಸಿದೆವು. ಅಷ್ಟೇ. ಆದರೆ ವರದಿಯಲ್ಲಿ ‘ಮೂಲ ಕಾರಣ’ ಎಂಬ ಒಂದು ಕಲಂ ಇತ್ತು, ಅದರ ಪಕ್ಕದಲ್ಲಿ ಸಂಬಂಧಪಟ್ಟವರ ಹೆಸರಿಗೆ ಜಾಗವಿತ್ತು. ಬರೆಯುವ ಕೆಲಸದ ಕೋಡ್ ಐದು ವರ್ಷ ಹಳೆಯದು, ನನ್ನದು. ಜಾಗ ಮಾಡುವ ಕೆಲಸದ ಕೋಡ್ ಮೂರು ತಿಂಗಳ ಹಿಂದಿನದು, ತಂಡಕ್ಕೆ ಹೊಸದಾಗಿ ಬಂದಿದ್ದ ಒಬ್ಬ ಹುಡುಗಿಯದು. ಅದು ಬರುವ ಮೊದಲು ಸರ್ವರ್ ನಿಂತಿರಲಿಲ್ಲ. ಅವಳ ಹೆಸರು ಬರೆದೆ. ಬರೆದಾಗ ನನಗೆ ಅದರಲ್ಲಿ ಸುಳ್ಳೇನೂ ಕಾಣಲಿಲ್ಲ.

ಅವಳು ಜಗಳವಾಡಲಿಲ್ಲ. ಒಂದೇ ಒಂದು ಮಾತು ಕೇಳಿದಳು: “ಸರ್, ಮೊದಲು ವಾಲ್ಯೂಮ್ ಬೀಗ ಹಿಡೀಬೇಕು ಅಂತ ಎಲ್ಲಿ ಬರೆದಿದೆ?”

ಎಲ್ಲೂ ಬರೆದಿರಲಿಲ್ಲ. ಅದು ನನ್ನ ತಲೆಯಲ್ಲಿತ್ತು.

ಡೈಕ್‌ಸ್ಟ್ರ 1965ರಲ್ಲಿ ವಿದ್ಯಾರ್ಥಿಗಳ ಪರೀಕ್ಷೆಗೆಂದು ಹೊಸೆದ ಒಂದು ಸಮಸ್ಯೆಗೆ ಟೋನಿ ಹೋರ್ ಆಮೇಲೆ ಊಟದ ಮೇಜಿನ ರೂಪ ಕೊಟ್ಟ. ದುಂಡು ಮೇಜಿನ ಸುತ್ತ ಐವರು ತತ್ವಜ್ಞಾನಿಗಳು. ಇಬ್ಬಿಬ್ಬರ ನಡುವೆ ಒಂದೊಂದರಂತೆ ಐದು ಫೋರ್ಕ್. ಉಣ್ಣಲು ಎರಡು ಬೇಕು. ಐವರೂ ಒಟ್ಟಿಗೆ ಎಡಗಡೆಯದನ್ನು ಎತ್ತಿಕೊಂಡು ಬಲಗಡೆಯದಕ್ಕೆ ಕಾದರೆ ಐವರೂ ಉಪವಾಸ. ಗಮನಿಸಿ, ಇಲ್ಲಿ ಯಾರೂ ದುರಾಸೆಯವರಲ್ಲ. ಪಕ್ಕದವನ ಕೈಯಿಂದ ಕಿತ್ತುಕೊಂಡವರಿಲ್ಲ. ಎಲ್ಲರೂ ಸಭ್ಯರು, ಎಲ್ಲರೂ ತಾಳ್ಮೆಯವರು, ಎಲ್ಲರೂ ಹಸಿದವರು.

1971ರಲ್ಲಿ ಕಾಫ್‌ಮನ್, ಎಲ್ಫಿಕ್, ಶೋಶಾನಿ ಎಂಬ ಮೂವರು ಡೆಡ್‌ಲಾಕ್ ಆಗಬೇಕಾದರೆ ನಾಲ್ಕು ಸಂಗತಿಗಳು ಒಟ್ಟಿಗೆ ಇರಬೇಕು ಎಂದು ತೋರಿಸಿದರು. ಒಂದು ವಸ್ತುವನ್ನು ಒಂದು ಸಲಕ್ಕೆ ಒಬ್ಬರೇ ಮುಟ್ಟಬೇಕು. ಹಿಡಿದದ್ದನ್ನು ಬಿಡದೆಯೇ ಮುಂದಿನದಕ್ಕೆ ಕಾಯಬೇಕು. ಒಬ್ಬರ ಕೈಲಿರುವುದನ್ನು ಇನ್ನೊಬ್ಬರು ಕಿತ್ತುಕೊಳ್ಳಬಾರದು. ನಾಲ್ಕನೆಯದು, ಕಾಯುವವರ ಸಾಲು ಸುತ್ತಿ ಬಂದು ಒಂದು ವೃತ್ತವಾಗಬೇಕು. ನಾಲ್ಕರಲ್ಲಿ ಒಂದು ತಪ್ಪಿದರೂ ಕಗ್ಗಂಟಿಲ್ಲ.

ಈ ಪಟ್ಟಿಯನ್ನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ಆ ಹುಡುಗಿಯ ಪ್ರಶ್ನೆಯ ನಂತರ ಮತ್ತೆ ಓದಿದಾಗ ಬೇರೆಯೇ ಕಂಡಿತು. ಮೊದಲ ಮೂರು ನಾವು ಮಕ್ಕಳಿಗೆ ಕಲಿಸುವ ಪಾಠಗಳು. ಒಬ್ಬರು ಕೆಲಸ ಮಾಡುವಾಗ ನಡುವೆ ಕೈ ಹಾಕಬೇಡ. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡಬೇಡ. ಇನ್ನೊಬ್ಬರದನ್ನು ಕಸಿಯಬೇಡ. ಮೂರೂ ಸದ್ಗುಣಗಳು. ನಾಲ್ಕನೆಯದು ಗುಣವೂ ಅಲ್ಲ, ದೋಷವೂ ಅಲ್ಲ. ಅದು ಒಂದು ಆಕಾರ. ಅದನ್ನು ಯಾರೂ ಒಬ್ಬರೇ ಮಾಡಲಾರರು, ಒಳಗೆ ನಿಂತ ಯಾರಿಗೂ ಅದು ಕಾಣಿಸದು. ಪ್ರತಿಯೊಬ್ಬರಿಗೂ ಕಾಣುವುದು ಎದುರಿನವನ ಕೈಲಿರುವ ಬೀಗ ಮಾತ್ರ. ‘ಅವನು ಬಿಟ್ಟರೆ ನಾನೂ ಬಿಡುತ್ತೇನೆ’ ಎಂದು ಇಬ್ಬರೂ ಪ್ರಾಮಾಣಿಕವಾಗಿಯೇ ಹೇಳುತ್ತಾರೆ.

ನಮ್ಮ ನೀತಿಯ ಮಾತೆಲ್ಲ ಸಾಮಾನ್ಯವಾಗಿ ಒಬ್ಬೊಬ್ಬರ ನಡತೆಯ ಮಾತು. ಪ್ರತಿಯೊಬ್ಬರೂ ಒಳ್ಳೆಯವರಾದರೆ ಒಟ್ಟು ಒಳ್ಳೆಯದಾಗುತ್ತದೆ ಎಂಬ ನಂಬಿಕೆ ಅದರ ಅಡಿಪಾಯ. ಡೆಡ್‌ಲಾಕ್ ಆ ನಂಬಿಕೆಗೆ ಒಂದು ಸಣ್ಣ, ಖಚಿತವಾದ ಅಪವಾದ. ಎಲ್ಲರೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿ ನಡೆದುಕೊಂಡೂ ಎಲ್ಲರೂ ಕೆಡಬಹುದು.

ಹಾಗಾದರೆ ಯಾರ ಹೊಣೆಯೂ ಇಲ್ಲವೇ? ಈ ತೀರ್ಮಾನ ನನಗೆ ಬಹಳ ಅನುಕೂಲವಾಗಿತ್ತು, ಅದಕ್ಕೇ ಅದನ್ನು ನಂಬಲಿಲ್ಲ. ‘ಯಾರ ತಪ್ಪೂ ಅಲ್ಲ, ವ್ಯವಸ್ಥೆಯ ತಪ್ಪು’ ಎಂಬ ಮಾತನ್ನು ಹೆಚ್ಚಾಗಿ ಹೇಳುವವರು ವ್ಯವಸ್ಥೆಯನ್ನು ಕಟ್ಟಿದವರೇ. ಕರ್ನೆಲ್ ಬರೆಯುವವರು ಈ ಪ್ರಶ್ನೆಗೆ ಕೊಟ್ಟ ಉತ್ತರ ಇದಕ್ಕಿಂತ ಕಟುವಾಗಿದೆ.

2006ರಲ್ಲಿ ಲಿನಕ್ಸ್‌ಗೆ ಇಂಗೋ ಮೊಲ್ನಾರ್ ಬರೆದ ಲಾಕ್‌ಡೆಪ್ ಎಂಬ ಕಾವಲುಗಾರ ಸೇರಿದ. ಪರೀಕ್ಷೆಗಿಟ್ಟ ಕರ್ನೆಲ್‌ನಲ್ಲಿ ಯಾವ ಬೀಗ ಹಿಡಿದ ಮೇಲೆ ಯಾವ ಬೀಗ ಹಿಡಿದರು ಎಂಬುದನ್ನೆಲ್ಲ ಅವನು ಬರೆದಿಡುತ್ತಾನೆ. ಸೋಮವಾರ ಒಬ್ಬರು ಮೊದಲನೆಯದು ಹಿಡಿದು ಎರಡನೆಯದು ಹಿಡಿದರು ಎನ್ನಿ. ಗುರುವಾರ ಇನ್ನೊಬ್ಬರು ಎರಡನೆಯದು ಹಿಡಿದು ಮೊದಲನೆಯದು ಹಿಡಿದರು. ಇಬ್ಬರೂ ಎದುರಾಗಲೇ ಇಲ್ಲ, ಯಂತ್ರ ಒಂದು ಕ್ಷಣವೂ ನಿಲ್ಲಲಿಲ್ಲ. ಆದರೂ ಲಾಕ್‌ಡೆಪ್ ಕೂಗುತ್ತಾನೆ: ಇಲ್ಲಿ ವೃತ್ತ ಸಾಧ್ಯ. ಅವನು ಅಪಘಾತಕ್ಕೆ ಕಾಯುವುದಿಲ್ಲ. ಕೂಗುವಾಗ ಎರಡೂ ದಾರಿಗಳನ್ನು ಅಕ್ಕಪಕ್ಕ ಮುದ್ರಿಸುತ್ತಾನೆ. ಎರಡನೆಯದು ಆಮೇಲೆ ಕಂಡದ್ದರಿಂದ ಅದೇ ತಪ್ಪು ಎಂದು ತೀರ್ಪು ಕೊಡುವುದಿಲ್ಲ.

ಎರಡನೆಯವರು ಆಮೇಲೆ ಬಂದರು ಎಂಬ ಒಂದೇ ಕಾರಣಕ್ಕೆ ತೀರ್ಪು ಕೊಟ್ಟವನು ನಾನು. ನಮ್ಮ ಪರೀಕ್ಷೆಯ ಯಂತ್ರಗಳಲ್ಲಿ ಲಾಕ್‌ಡೆಪ್ ಆರಿಸಿಡಲಾಗಿತ್ತು. ಅದರಿಂದ ವೇಗ ತಗ್ಗುತ್ತದೆ, ಹಾಗೆಂದು ಅದನ್ನು ಆರಿಸೋಣ ಎಂದಿದ್ದ ಸಭೆಯಲ್ಲಿ ನಾನೂ ಇದ್ದೆ. ಅಂದರೆ ಹೊಣೆ ಇತ್ತು. ಅದು ಬೀಗ ಹಿಡಿದ ಇಬ್ಬರಲ್ಲಿ ಒಬ್ಬರ ಮೇಲಿರಲಿಲ್ಲ. ಇಬ್ಬರ ನಡುವಿನ ಕ್ರಮವನ್ನು ತಿಳಿದೂ ಹೇಳದವರ ಮೇಲಿತ್ತು. ತಡವಾಗಿ ಬಂದವರಿಗೆ ಕಾಣುವುದು ಬರೆದಿಟ್ಟದ್ದು ಮಾತ್ರ. ಬರೆಯದ ನಿಯಮಕ್ಕೆ ಅವರನ್ನು ದೋಷಿಯಾಗಿಸುವುದು ಹಿರಿಯರ ಸೌಕರ್ಯ.

ಇನ್ನು ಪರಿಹಾರ. ಅತ್ಯಂತ ಹಳೆಯ ಉಪಾಯ, ಬೀಗಗಳಿಗೆ ಒಂದು ಕ್ರಮ ಗೊತ್ತುಮಾಡಿ ಎಲ್ಲರೂ ಅದೇ ಕ್ರಮದಲ್ಲಿ ಹಿಡಿಯುವುದು. ಐದು ಫೋರ್ಕುಗಳಿಗೆ ಸಂಖ್ಯೆ ಕೊಟ್ಟು, ಸಣ್ಣ ಸಂಖ್ಯೆಯದನ್ನೇ ಮೊದಲು ಎತ್ತಬೇಕು ಎಂದರೆ ವೃತ್ತ ಕೂಡಿಕೊಳ್ಳುವುದೇ ಇಲ್ಲ. ಲಿನಕ್ಸ್‌ನಲ್ಲಿ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಫೈಲು ಸಾಗಿಸುವಾಗ ಎರಡೂ ಫೋಲ್ಡರುಗಳ ಬೀಗ ಬೇಕು. ಒಂದರೊಳಗೆ ಇನ್ನೊಂದಿದ್ದರೆ ಹೊರಗಿನದರ ಬೀಗವೇ ಮೊದಲು. ಇದಕ್ಕೆ ಒಂದು ಅರ್ಥವಿದೆ. ಆದರೆ ಎರಡು ಸಾಧಾರಣ ಫೈಲುಗಳ ಬೀಗ ಒಟ್ಟಿಗೆ ಬೇಕಾದಾಗ ಕರ್ನೆಲ್ ಅನುಸರಿಸುವ ಕ್ರಮಕ್ಕೆ ಯಾವ ಅರ್ಥವೂ ಇಲ್ಲ: ಮೆಮೊರಿಯಲ್ಲಿ ಯಾವುದರ ವಿಳಾಸ ಚಿಕ್ಕದೋ ಅದು ಮೊದಲು. ಆ ವಿಳಾಸ ಸಿಕ್ಕಿದ್ದು ಆಕಸ್ಮಿಕವಾಗಿ. ಅದರಲ್ಲಿ ಅರ್ಹತೆ, ನ್ಯಾಯ, ಹಿರಿತನ ಏನೂ ಇಲ್ಲ. ಎಲ್ಲರೂ ಒಪ್ಪಿದ್ದಾರೆ ಎಂಬುದೊಂದೇ ಅದರ ಬಲ. ನಾವು ರಸ್ತೆಯ ಎಡಕ್ಕೆ ಹೋಗುವುದೂ ಇಂಥದೇ. ಎಡ ಬಲಕ್ಕಿಂತ ಸತ್ಯವಲ್ಲ. ಎಲ್ಲರೂ ಎಡಕ್ಕೆ ಹೋಗುತ್ತಾರೆಂಬುದಷ್ಟೇ ಸತ್ಯ.

ಕ್ರಮ ಎಂದ ಕೂಡಲೇ ನಮ್ಮ ನೆಲದಲ್ಲಿ ಹುಟ್ಟಿದವರಿಗೆ ಒಂದು ಅಂಜಿಕೆ ಸಹಜ. ಯಾರು ಮೊದಲು, ಯಾರು ಕೊನೆ ಎಂಬುದನ್ನು ಗೊತ್ತುಮಾಡಿಯೇ ಇಲ್ಲಿ ಎಷ್ಟು ಜನರನ್ನು ತಲೆಮಾರುಗಳ ಕಾಲ ಕಾಯಿಸಲಾಗಿದೆ. ಆದ್ದರಿಂದ ಒಂದು ವ್ಯತ್ಯಾಸವನ್ನು ಬಿಡಿಸಿ ಹೇಳಬೇಕು. ಬೀಗದ ಕ್ರಮ ವಸ್ತುಗಳಿಗೆ ಹಚ್ಚಿದ ಸಂಖ್ಯೆ, ಮನುಷ್ಯರಿಗಲ್ಲ. ಯಾರೇ ಬಂದರೂ ಸಣ್ಣ ಸಂಖ್ಯೆಯ ಫೋರ್ಕನ್ನೇ ಮೊದಲು ಎತ್ತಬೇಕು. ಕೂತವರಿಗೆ ಸಂಖ್ಯೆ ಹಚ್ಚಿ, ಚಿಕ್ಕವನು ಯಾವಾಗಲೂ ಬಿಟ್ಟುಕೊಡಲಿ ಎಂದರೆ ಮೇಜು ಮುಂದೆ ಸಾಗುತ್ತದೆ ನಿಜ. ಒಬ್ಬನು ಮಾತ್ರ ಎಂದೂ ಉಣ್ಣದೆ ಹೋಗಬಹುದು. ಯಂತ್ರ ನಿಲ್ಲದಿರುವುದೇ ನ್ಯಾಯವಲ್ಲ.

ಕೆಲವು ಕಡೆ ಕ್ರಮ ಮೊದಲೇ ಗೊತ್ತುಮಾಡಲು ಬರುವುದಿಲ್ಲ. ಗ್ರಾಫಿಕ್ಸ್ ಡ್ರೈವರುಗಳಲ್ಲಿ ಯಾವ ಯಾವ ಬೀಗಗಳು ಬೇಕಾಗುತ್ತವೆ, ಯಾವ ಸರದಿಯಲ್ಲಿ ಎಂಬುದನ್ನು ಬಳಸುವ ಪ್ರೋಗ್ರಾಂಗಳೇ ಗೊತ್ತುಮಾಡುತ್ತವೆ. ಅಲ್ಲಿ ಯಾರಾದರೂ ಒಬ್ಬರು ಹಿಡಿದದ್ದನ್ನೆಲ್ಲ ಬಿಟ್ಟು ಹಿಂದೆ ಸರಿಯಲೇಬೇಕು. ಯಾರು? 2013ರಿಂದ ಲಿನಕ್ಸ್‌ನಲ್ಲಿರುವ ಒಂದು ಬಗೆಯ ಬೀಗ ಈ ಪ್ರಶ್ನೆಗೆ ಹೀಗೆ ಉತ್ತರಿಸುತ್ತದೆ. ಕೆಲಸ ಆರಂಭಿಸುವಾಗ ಪ್ರತಿಯೊಬ್ಬರಿಗೂ ಒಂದು ಚೀಟಿ ಸಿಗುತ್ತದೆ, ಬ್ಯಾಂಕಿನ ಟೋಕನ್ ಇದ್ದಂತೆ. ಇಬ್ಬರು ಎದುರಾದಾಗ ಆಮೇಲೆ ಚೀಟಿ ಪಡೆದವರು ಹಿಂದೆ ಸರಿಯಬೇಕು. ಆದರೆ ಸರಿದವರು ಮತ್ತೆ ಬರುವಾಗ ಹೊಸ ಚೀಟಿ ತೆಗೆದುಕೊಳ್ಳುವುದಿಲ್ಲ, ಹಳೆಯದನ್ನೇ ತೋರಿಸುತ್ತಾರೆ. ಮುಂದಿದ್ದವರು ಮುಗಿಸಿ ಹೋದಂತೆಲ್ಲ ಆ ಚೀಟಿ ಹಿರಿದಾಗುತ್ತ ಬರುತ್ತದೆ. ಒಂದು ಹೊತ್ತಿಗೆ ಅವರಿಗಿಂತ ಹಿರಿಯರು ಯಾರೂ ಇರುವುದಿಲ್ಲ, ಆಗ ಎಲ್ಲರೂ ಅವರಿಗೆ ದಾರಿ ಬಿಡಬೇಕು.

ಇಷ್ಟು ಚಿಕ್ಕ ಏರ್ಪಾಡಿನಲ್ಲಿ ನನಗೆ ಒಂದು ಪೂರ್ತಿ ನೀತಿ ಕಾಣುತ್ತದೆ. ಬಿಟ್ಟುಕೊಡುವುದನ್ನು ನಾವು ದೊಡ್ಡ ಗುಣ ಎಂದು ಹೊಗಳುತ್ತೇವೆ. ಹೊಗಳಿ, ಮರೆಯುತ್ತೇವೆ. ಮನೆಯಲ್ಲಿ, ಕಚೇರಿಯಲ್ಲಿ ಬಿಟ್ಟುಕೊಟ್ಟವರೇ ಮುಂದಿನ ಸಲವೂ ಬಿಟ್ಟುಕೊಡಲಿ ಎಂದು ನಿರೀಕ್ಷಿಸುತ್ತೇವೆ, ಅವರಿಗೆ ಅಭ್ಯಾಸವಾಗಿದೆಯಲ್ಲ ಎಂದು. ಪ್ರತಿ ಸಲವೂ ಅವರ ಕೈಗೆ ಹೊಸ ಚೀಟಿ. ಕಗ್ಗಂಟು ಬಿಡಿಸಲು ಯಾರಾದರೂ ಕೈಬಿಡಲೇಬೇಕು ಎಂಬುದು ಅರ್ಧ ಮಾತು. ಕೈಬಿಟ್ಟವರ ಸರದಿಯನ್ನು ಕಾಯ್ದಿಡಬೇಕು ಎಂಬುದು ಉಳಿದ ಅರ್ಧ. ಅದಿಲ್ಲದಿದ್ದರೆ ಮೊದಲರ್ಧ ಬರಿಯ ಉಪದೇಶ.

ಆ ಫೈಲಿನ ತಲೆಯಲ್ಲಿ ಈಗ ಆರು ಸಾಲಿನ ಒಂದು ಟಿಪ್ಪಣಿ ಇದೆ: ಯಾವ ಬೀಗ ಮೊದಲು, ಯಾವುದು ಆಮೇಲೆ. ಬರೆದವನು ನಾನು. ಲಾಕ್‌ಡೆಪ್ ಮತ್ತೆ ಹಚ್ಚಿದೆವು. ಅದು ಇನ್ನೂ ಎರಡು ಕಡೆ ಕೂಗಿತು, ಎರಡೂ ನನ್ನದೇ ಹಳೆಯ ಕೋಡ್. ವರದಿಯಲ್ಲಿನ ಹೆಸರನ್ನು ತಿದ್ದಲು ಕೇಳಿಕೊಂಡೆ. ಮುಚ್ಚಿದ ವರದಿಯನ್ನು ತೆರೆಯುವ ಪದ್ಧತಿ ಇಲ್ಲವೆಂದರು. ನಾನು ಇನ್ನೊಂದು ಸಲ ಕೇಳಲಿಲ್ಲ. ಆ ವರ್ಷದ ಬಡ್ತಿಯ ಪಟ್ಟಿಯಲ್ಲಿ ಅವಳು ಇರಲಿಲ್ಲ. ಅದಕ್ಕೂ ಈ ವರದಿಗೂ ಸಂಬಂಧವಿತ್ತೇ ಎಂದು ವಿಚಾರಿಸುವ ಧೈರ್ಯ ನನಗಾಗಲಿಲ್ಲ. ಮರುವರ್ಷ ಅವಳು ಕೆಲಸ ಬಿಟ್ಟಳು. ಹೋಗುವ ಮುನ್ನ ಎಲ್ಲರಿಗೂ ಹೇಳಿದಂತೆ ನನಗೂ ಬಂದು ಹೇಳಿದಳು.

ಅಂದು ಸರ್ವರ್ ಮತ್ತೆ ಓಡಲೆಂದು ಹಿಂದೆ ಸರಿದವಳು ಅವಳು. ಅವಳ ಚೀಟಿಯನ್ನು ಇಟ್ಟುಕೊಂಡಿರಬೇಕಾದವನು ನಾನಾಗಿದ್ದೆ.