ಕೊಳದ ಬಳಿಯಲ್ಲಿ ಯಾರೂ ಇಲ್ಲದವನು

ಓದತಕ್ಕ ಭಾಗಗಳು: ಯೋಹಾನ 5:1–9, ಮತ್ತಾಯ 20:20–28



ಯೆರೂಸಲೇಮಿನ ಬೇಥೆಸ್ದಾ ಎಂಬ ಕೊಳದ ಬಳಿಯಲ್ಲಿ ಮಲಗಿದ್ದ, 38 ವರುಷಗಳಿಂದ ರೋಗಿಯಾಗಿದ್ದ ಮನುಷ್ಯನ ವೃತ್ತಾಂತವನ್ನು ನಾವೆಲ್ಲರೂ ಬಲ್ಲೆವು. ನೀರು ಕದಲಿದಾಗ ಅವನನ್ನು ಹಿಡಿದು ಇಳಿಸುವವರು ಯಾರೂ ಇರಲಿಲ್ಲ. ಅವನು ತೆವಳಿ ಹೋಗುವಷ್ಟರಲ್ಲಿ ಮತ್ತೊಬ್ಬನು ಮುಂದಾಗುತ್ತಿದ್ದನು. ನಮ್ಮ ಕರ್ತನು ಆ ಗುಂಪಿನಲ್ಲಿ ಕಂಡು ಮಾತಾಡಿಸಿದ್ದು ಈ ದಿಕ್ಕಿಲ್ಲದವನನ್ನೇ ಎಂಬುದನ್ನು ಚೆನ್ನಾಗಿ ಗಮನಿಸೋಣ.

ನಮ್ಮ ಸೀಮೆಯಲ್ಲಿಯೂ ವರುಷಕ್ಕೊಮ್ಮೆ ಅಂಥ ಕೊಳದ ನೀರು ಕದಲುತ್ತದೆ. ನೀಟ್ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಹರಿಹರದಲ್ಲಿಯೂ ದಾವಣಗೆರೆಯಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಎಷ್ಟೋ ತಾಯಿತಂದೆಗಳು ನಿದ್ರೆಯಿಲ್ಲದೆ ಕಾದಿರುತ್ತಾರೆ. ದಾವಣಗೆರೆಯಲ್ಲಿ 1965ರಿಂದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಇದೆ, 2006ರಲ್ಲಿ ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಆರಂಭವಾಯಿತು. ಕಾಲೇಜು ಕಣ್ಣೆದುರಿಗೇ ಇರುವುದರಿಂದ ಆಶೆಯೂ ಹತ್ತಿರವಾಗುತ್ತದೆ. ಮಗನಿಗೋ ಮಗಳಿಗೋ ಸ್ವಲ್ಪದರಲ್ಲಿ ಸೀಟು ತಪ್ಪಿ, ಮುಂದಿನ ಸುತ್ತಿಗಾಗಿ ಕಾಯುವ ಸಾಲಿನಲ್ಲಿ ಹೆಸರು ನಿಂತಾಗ, ಮನೆಯಲ್ಲಿ ಒಂದು ಮಾತು ಹುಟ್ಟುತ್ತದೆ: ನಮಗೆ ಗೊತ್ತಿರುವ ದೊಡ್ಡವರು ಯಾರಿದ್ದಾರೆ? ಯಾರ ಕೈಯಿಂದ ಒಂದು ಮಾತು ಹೇಳಿಸಬಹುದು? ನಾವು ಯಾವ ಕಾಲೇಜಿನ ಮೇಲೂ ದೂರು ಹೇಳುವುದಿಲ್ಲ. ನಮ್ಮ ಮನೆಯೊಳಗೆ ಹುಟ್ಟುವ ಈ ಮಾತನ್ನು ದೇವರ ವಾಕ್ಯದ ಬೆಳಕಿಗೆ ತರಬೇಕೆಂಬುದೇ ನಮ್ಮ ಉದ್ದೇಶವು.

ಮೊದಲನೆಯದಾಗಿ, ಈ ಸಾಲು ಹೇಗೆ ಉಂಟಾಯಿತೆಂದು ತಿಳಿಯತಕ್ಕದ್ದು. ಒಂದು ಕಾಲದಲ್ಲಿ ಹಣವಂತನಿಗೂ ವಶೀಲಿಯುಳ್ಳವನಿಗೂ ದಾರಿ ಸುಲಭವಾಗಿತ್ತು. ಆದಕಾರಣ 1984ರಲ್ಲಿ ಕರ್ನಾಟಕವು ಕ್ಯಾಪಿಟೇಷನ್ ಹಣವನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿತು. 1992ರಲ್ಲಿ ತುಮಕೂರಿನ ಒಂದು ಖಾಸಗಿ ವೈದ್ಯಕೀಯ ಕಾಲೇಜಿನ ಶುಲ್ಕದ ವಿಷಯವಾಗಿ ಮೋಹಿನಿ ಜೈನ್ ಮೊಕದ್ದಮೆಯು ಸುಪ್ರೀಂ ಕೋರ್ಟಿಗೆ ಬಂತು. ಸರಕಾರಿ ಸೀಟಿಗೆ ವರುಷಕ್ಕೆ 2,000 ರೂಪಾಯಿ ಇದ್ದಾಗ, ಹೊರರಾಜ್ಯದವರಿಂದ 60,000 ರೂಪಾಯಿವರೆಗೆ ಕೇಳಲು ಅವಕಾಶವಿತ್ತು. ಅದು ನ್ಯಾಯವಲ್ಲವೆಂದು ಕೋರ್ಟು ತೀರ್ಮಾನಿಸಿತು. ಬಳಿಕ 1994ರಲ್ಲಿ ನಮ್ಮ ರಾಜ್ಯದಲ್ಲಿ ಸಿ.ಇ.ಟಿ. ಬಂತು, 2016ರಿಂದ ವೈದ್ಯ ವಿದ್ಯೆಗೆ ನೀಟ್ ಬಂತು. ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ರ‍್ಯಾಂಕಿನ ಕ್ರಮದಲ್ಲಿ, ಸುತ್ತು ಸುತ್ತಾಗಿ ಸೀಟುಗಳನ್ನು ಹಂಚುತ್ತದೆ. ಮೇಲಿನವನು ಬಿಟ್ಟದ್ದು ಕೆಳಗಿನವನಿಗೆ ಇಳಿದುಬರುತ್ತದೆ. ಈ ವ್ಯವಸ್ಥೆಯಲ್ಲಿ ಕುಂದುಗಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಇದು ಯಾರಿಗಾಗಿ ಕಟ್ಟಲ್ಪಟ್ಟಿತು? ಕೊಳದ ಬಳಿಯಲ್ಲಿ ಯಾರೂ ಇಲ್ಲದವನಿಗಾಗಿ ಅಲ್ಲವೋ? ಕೂಲಿಯವನ ಮಗಳ ಹೆಸರೂ ಸಾಹುಕಾರನ ಮಗನ ಹೆಸರೂ ಒಂದೇ ಪಟ್ಟಿಯಲ್ಲಿ ನಿಲ್ಲಲಿ ಎಂದಲ್ಲವೋ? ಹೀಗಿರಲಾಗಿ ನಾವೇ ಆ ಪಟ್ಟಿಯನ್ನು ಹಿಂಬಾಗಿಲಿನಿಂದ ದಾಟಲು ಹೋದರೆ, ನಮ್ಮ ಮಕ್ಕಳಿಗೆ ನೆರಳಾದ ಮರವನ್ನು ನಾವೇ ಕಡಿದಂತಾಗುವುದು.

ಎರಡನೆಯದಾಗಿ, ನಾವು ಯಾರದನ್ನೂ ಕದಿಯಲಿಲ್ಲ, ಬರೀ ಕೇಳಿದೆವು ಎಂದು ಕೆಲವರು ಅನ್ನುತ್ತಾರೆ. ಇದನ್ನು ನಮ್ಮ ಹೊಲದ ಬದುವಿನ ಮೇಲೆ ನಿಂತು ವಿಚಾರಿಸೋಣ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ನೀರು ಕಾಲುವೆಯಲ್ಲಿ ದಾವಣಗೆರೆ, ಹರಿಹರ ಸೀಮೆಯ ಗದ್ದೆಗಳಿಗೆ ಬರುತ್ತದೆ. ಮೇಲಿನವನು ರಾತ್ರಿಯಲ್ಲಿ ತೂಬನ್ನು ಎತ್ತಿಕೊಂಡರೆ ಅವನು ಯಾರ ಮನೆಗೂ ನುಗ್ಗಲಿಲ್ಲ, ಯಾರ ಪೆಟ್ಟಿಗೆಯನ್ನೂ ಮುರಿಯಲಿಲ್ಲ. ಆದರೂ ಕಾಲುವೆಯ ಕೊನೆಯಲ್ಲಿರುವವನ ಪೈರು ಒಣಗುತ್ತದೆ. ಅವನ ಪಾಳಿಯ ನೀರು ಎಲ್ಲಿ ಹೋಯಿತೆಂಬುದು ಅವನಿಗೆ ತಿಳಿಯುವುದೇ ಇಲ್ಲ. ಸೀಟಿನ ವಿಷಯವೂ ಹಾಗೆಯೇ. ಸಾಲಿನಲ್ಲಿ ಐದನೆಯವನನ್ನು ಒಬ್ಬರ ಮಾತಿನಿಂದ ಮೊದಲನೆಯವನಾಗಿ ಮಾಡಿದರೆ, ಮುಂದಿದ್ದ ನಾಲ್ವರೂ ಹಿಂದಕ್ಕೆ ತಳ್ಳಲ್ಪಡುತ್ತಾರೆ. ಅವರ ಮುಖವನ್ನು ನಾವು ಕಾಣುವುದಿಲ್ಲ, ದೇವರು ಕಾಣುತ್ತಾನೆ.

ಮೂರನೆಯದಾಗಿ, ಜೆಬೆದಾಯನ ಮಕ್ಕಳ ತಾಯಿಯನ್ನು ನೋಡಿರಿ. ಆಕೆಯೂ ತನ್ನ ಇಬ್ಬರು ಮಕ್ಕಳಿಗಾಗಿ ಸ್ವಾಮಿಯ ಎಡಬಲದ ಸ್ಥಾನಗಳನ್ನೇ ಕೇಳಿದಳು. ಪರಿಚಯವೂ ಇತ್ತು, ಸಲಿಗೆಯೂ ಇತ್ತು. ಸ್ವಾಮಿಯು ಆಕೆಯ ತಾಯಿತನವನ್ನು ಹೀನೈಸಲಿಲ್ಲ. ಆದರೂ ಪರಿಚಯದ ಬಲದಿಂದ ಸ್ಥಾನವನ್ನು ಕೊಡಲಿಲ್ಲ. ಮಿಕ್ಕ ಹತ್ತು ಮಂದಿ ಶಿಷ್ಯರು ಸಿಟ್ಟಾದರು. ಒಂದೇ ಪಂಕ್ತಿಯಲ್ಲಿ ಉಂಡವರಲ್ಲಿ ಒಡಕು ಬಂತು. ವಶೀಲಿಯ ಮೊದಲನೆಯ ಫಲ ಇದೇ: ಸಹೋದರರು ಒಬ್ಬರನ್ನೊಬ್ಬರು ನಂಬದೆ ಹೋಗುವರು. ನ್ಯಾಯವಾಗಿ ಸೀಟು ಪಡೆದ ಹುಡುಗಿಯನ್ನು ಕುರಿತು ಸಹ, ಇವಳಿಗೆ ಯಾರು ಹೇಳಿದರೋ ಎಂದು ಊರು ಗುಸುಗುಟ್ಟುವುದು.

ಹಾಗಾದರೆ ಯಾರಿಗಾಗಿಯೂ ಒಂದು ಪತ್ರವನ್ನು ಬರೆಯಬಾರದೋ? ಬರೆಯಬಹುದು. ಪೌಲನು ಒನೇಸಿಮನಿಗಾಗಿ ಫಿಲೆಮೋನನಿಗೆ ಬರೆದನು. ಆದರೆ ಆ ಪತ್ರವು ಯಾರ ಸ್ಥಾನವನ್ನೂ ಕಸಿಯಲಿಲ್ಲ. ದಿಕ್ಕಿಲ್ಲದ ದಾಸನಿಗೆ ದಿಕ್ಕಾಯಿತು. ಅವನ ಸಾಲವನ್ನು ತಾನೇ ತೀರಿಸುವೆನೆಂದು ಪೌಲನು ಹೊಣೆಯಾದನು. ಐಡಾ ಸ್ಕಡರ್ ಅಮ್ಮನವರು 1918ರಲ್ಲಿ ವೈದ್ಯ ವಿದ್ಯೆಯನ್ನು ಆರಂಭಿಸಿದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ, ಸಭೆಗಳು ಹೊಣೆ ನಿಂತು ಕಳುಹಿಸುವ ಅಭ್ಯರ್ಥಿಗಳ ಪದ್ಧತಿಯುಂಟು. ಹಾಗೆ ಹೋದವರು ವಿದ್ಯೆ ಮುಗಿದ ಮೇಲೆ ಸೇವೆ ಸಲ್ಲಿಸುವ ಕರಾರಿಗೆ ಒಳಗಾಗುತ್ತಾರೆ. ಅಲ್ಪಸಂಖ್ಯಾತರ ಕಾಲೇಜುಗಳಿಗೂ ನೀಟ್ ಅನ್ವಯಿಸುತ್ತದೆಂದು 2020ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಆದಕಾರಣ ಸಭೆಯ ಹಿರಿಯರು ಪತ್ರ ಕೊಡುವಾಗ ಅದು ಸತ್ಯವಾದ ಸಾಕ್ಷಿಯಾಗಿರಲಿ. ನೆಂಟನೆಂದು ಒಬ್ಬನಿಗೆ ಕೊಟ್ಟು, ಕೇಳಲು ನಾಚುವ ವಿಧವೆಯ ಮಗಳನ್ನು ಮರೆತರೆ, ಆ ಕಾಗದದ ಮೇಲಿರುವ ಸಭೆಯ ಮೊಹರು ಸುಳ್ಳಾಗುವುದು.

ಇನ್ನೊಂದು ಎಚ್ಚರಿಕೆಯುಂಟು. ಸೀಟು ಕೊಡಿಸುವೆನೆಂದು ಬರುವ ದಲ್ಲಾಳಿಯನ್ನು ನಂಬಬೇಡಿರಿ. ಅವನು ಹತ್ತು ಮನೆಗಳ ಹಣವನ್ನು ಹಿಡಿಯುತ್ತಾನೆ. ಸುತ್ತುಗಳು ನಡೆದು ಒಬ್ಬನಿಗೆ ರ‍್ಯಾಂಕಿನಿಂದಲೇ ಸೀಟು ಬಂದರೆ, ತಾನೇ ಕೊಡಿಸಿದೆನೆಂದು ಹಣವನ್ನು ಇಟ್ಟುಕೊಳ್ಳುತ್ತಾನೆ. ಮಿಕ್ಕವರಿಗೆ ನಾಳೆ ನಾಡಿದ್ದು ಎನ್ನುತ್ತಾನೆ. ಹೊಲವನ್ನು ಅಡವಿಟ್ಟು ಆತನ ಕೈ ತುಂಬಿಸುವುದು ಬುದ್ಧಿಯೂ ಅಲ್ಲ, ಭಕ್ತಿಯೂ ಅಲ್ಲ.

ಆದಕಾರಣ ನಾವು ಮಾಡತಕ್ಕದ್ದೇನು? ಪ್ರತಿ ಸುತ್ತಿನ ದಿನಾಂಕವನ್ನು ತಪ್ಪದೆ ನೋಡಿ, ಪ್ರಮಾಣಪತ್ರಗಳನ್ನು ಮುಂಚೆಯೇ ಸಿದ್ಧಮಾಡಿ, ನ್ಯಾಯವಾಗಿ ದೊರೆಯತಕ್ಕ ಮೀಸಲಾತಿಯನ್ನೂ ವಿದ್ಯಾರ್ಥಿವೇತನವನ್ನೂ ಧೈರ್ಯವಾಗಿ ಕೇಳೋಣ. ಇದು ವಶೀಲಿಯಲ್ಲ, ಹಕ್ಕು. ಓದುಬರಹ ಬಲ್ಲ ಯೌವನಸ್ಥರು ಹಳ್ಳಿಯ ಮಕ್ಕಳಿಗೆ ಅರ್ಜಿ ತುಂಬಲು ಸಹಾಯಮಾಡಲಿ. ಪರಿಚಯವುಳ್ಳವರು ಆ ಪರಿಚಯವನ್ನು ಯಾರೂ ಇಲ್ಲದವನ ಶುಲ್ಕಕ್ಕಾಗಿ, ಅವನ ಪುಸ್ತಕಕ್ಕಾಗಿ ಉಪಯೋಗಿಸಲಿ. ಸೀಟು ಬಾರದೆ ಹೋದ ಮಗುವನ್ನು ಮನೆಯವರು ಹಂಗಿಸದಿರಲಿ. ನರ್ಸಿನ ಕೈಯನ್ನೂ ಔಷಧ ಕೊಡುವವನ ಕೈಯನ್ನೂ ದೇವರು ರೋಗಿಯ ಹಾಸಿಗೆಯ ಬಳಿಯಲ್ಲಿ ಉಪಯೋಗಿಸುತ್ತಾನೆ.

ಸಾಲಿನಲ್ಲಿ ನಮ್ಮ ಮುಂದೆ ನಿಂತಿರುವವನನ್ನೂ ನೆರೆಯವನೆಂದು ಎಣಿಸುವ ಮನಸ್ಸನ್ನು ಕರ್ತನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೆನ್.